ಸೊರಟೂರಿಗೆ 38 ಸೆಕೆಂಡು ತಡ: ನೇರ ಪ್ರಸಾರ ಹಿಂದೆ ಬೀಳುವುದೇಕೆ, ಸರಿಪಡಿಸುವುದು ಹೇಗೆ?



ಮದುವೆ, ರಜತ ಮಹೋತ್ಸವ, ಶಾಲಾ ವಾರ್ಷಿಕೋತ್ಸವ, ಹಬ್ಬದ ಬಲಿಪೂಜೆ, ಅಂತ್ಯಕ್ರಿಯೆ. ಕಾರ್ಯಕ್ರಮ ಯಾವುದೇ ಇರಲಿ, 'ನೇರ ಪ್ರಸಾರದ ಲಿಂಕ್ ಕಳಿಸಿ' ಎಂದು ಕೇಳುವವರು ಇಂದು ಇದ್ದೇ ಇರುತ್ತಾರೆ. ಲಿಂಕ್ ಕಳಿಸುತ್ತೇವೆ, ಅವರು ನೋಡುತ್ತಾರೆ, ಎಲ್ಲರಿಗೂ ಸಂತೋಷ. ಆದರೆ ಈ 'ನೇರ' ಎಂಬುದು ನಿಜವಾಗಿ ಎಷ್ಟು ನೇರ? ನಮ್ಮ ಒಂದು ಮುಜುಗರದ ಅನುಭವದಿಂದಲೇ ಈ ಲೇಖನವನ್ನು ಆರಂಭಿಸುತ್ತೇವೆ.

ಗದಗ ಜಿಲ್ಲೆಯ ಸೊರಟೂರ ಗ್ರಾಮದ ಹೆಸರನ್ನು ಇತಿಹಾಸ ಓದಿದವರು ಕೇಳಿರಬಹುದು. 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳರ ಎರಡನೇ ವೀರಬಲ್ಲಾಳನು ಸೇವುಣರ ಐದನೇ ಭಿಲ್ಲಮನ ಸೈನ್ಯವನ್ನು ಸೋಲಿಸಿದ್ದು ಇಲ್ಲಿಯೇ. ಕೆಲಸ ಹುಡುಕಿಕೊಂಡು ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕರಾವಳಿಗೆ ಬಂದು ನೆಲೆಸಿದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಹಾಗೆ ಬಂದ ಸೊರಟೂರಿನ ಯುವಕನೊಬ್ಬನ ಮದುವೆ ಇಲ್ಲಿನ ಒಂದು ಸಭಾಭವನದಲ್ಲಿ ನಡೆಯಿತು. ಮೊಣಕಾಲು ನೋವಿನ ಅಜ್ಜಿಗೆ ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿಯಲು ಆಗಲಿಲ್ಲ. 'ಅಜ್ಜಿ ಮನೆಯಲ್ಲೇ ಕುಳಿತು ನೋಡಲಿ, ಅಲ್ಲಿಂದಲೇ ಆಶೀರ್ವಾದ ಮಾಡಲಿ' ಎಂದು ಮನೆಯವರು ಬಯಸಿದರು. ನೇರ ಪ್ರಸಾರದ ಹೊಣೆಯನ್ನು ನಾವು ಹೊತ್ತುಕೊಂಡೆವು.

ಅಕ್ಷತೆ ಹಾಕಿ ಆಯಿತು. ನಿರೂಪಕರು ಮೈಕಿನಲ್ಲಿ, 'ಈಗ ಸೊರಟೂರಿನಿಂದ ಅಜ್ಜಿಯವರು ಮೊಮ್ಮಗನನ್ನು ಹರಸುತ್ತಾರೆ' ಎಂದು ಹೇಳಿ ಫೋನನ್ನು ಮೈಕಿಗೆ ಹಿಡಿದರು. ಅಜ್ಜಿ ಮಾತಾಡಲಿಲ್ಲ. ಏಕೆಂದರೆ ಅವರ ಎದುರಿನ ಟಿವಿಯಲ್ಲಿ ಅಕ್ಷತೆ ಇನ್ನೂ ಬಿದ್ದಿರಲಿಲ್ಲ. ಅಕ್ಕಿಕಾಳು ಬೀಳುವ ಮೊದಲು ಹರಸುವುದು ಹೇಗೆ ಎಂದು ಅವರು ಕಾಯುತ್ತಿದ್ದರು. ಇತ್ತ ವಧೂವರರು ನಿಂತೇ ಇದ್ದಾರೆ, ಸಭೆ ಮೌನವಾಗಿದೆ. ಅಷ್ಟರಲ್ಲಿ ಅಜ್ಜಿಯ ಟಿವಿಯ ಶಬ್ದವೇ ಫೋನಿನ ಮೂಲಕ ಬಂದು ಸಭಾಭವನದಲ್ಲಿ ಮೊಳಗಿತು: ನಿಮಿಷದ ಹಿಂದೆ ಊದಿದ ಓಲಗ ಮತ್ತೊಮ್ಮೆ! ಕೊನೆಗೆ ಅಜ್ಜಿಯ ದನಿ ಕೇಳಿಸಿತು: 'ತಮ್ಮಾ, ನಾ ಟಿವಿ ಕೇಳ್ಲ್ಯೋ, ಫೋನ್ ಕೇಳ್ಲ್ಯೋ?'

ಎಲ್ಲರೂ ನಕ್ಕರು. ಆದರೆ ಅಜ್ಜಿ ಹರಸಲು ಇಟ್ಟುಕೊಂಡಿದ್ದ ಮಾತು ಆ ಗಲಿಬಿಲಿಯಲ್ಲಿ ಹೇಳಲಾಗದೆ ಉಳಿಯಿತು. ತಪ್ಪು ಅಜ್ಜಿಯದಲ್ಲ, ಸೊರಟೂರಿನ ನೆಟ್‌ವರ್ಕಿನದೂ ಪೂರ್ತಿ ಅಲ್ಲ. ಬಹುಪಾಲು ನಮ್ಮದೇ ಎಂಬುದು ಅನಂತರ ಅಳೆದು ನೋಡಿದಾಗ ತಿಳಿಯಿತು. ಅಳೆದಾಗ ಸಿಕ್ಕ ಲೆಕ್ಕ 38 ಸೆಕೆಂಡು.

ನಗುವ ವಿಷಯ ಮಾತ್ರವಲ್ಲ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಆರಂಭವಾದಾಗ ಅನೇಕ ಧರ್ಮಕೇಂದ್ರಗಳು ರಾತ್ರೋರಾತ್ರಿ ಮೊಬೈಲ್ ಹಿಡಿದು ನೇರ ಪ್ರಸಾರಕ್ಕೆ ಇಳಿದವು. ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಅವರು ಮಳೆಯಲ್ಲಿ ಖಾಲಿ ಸಂತ ಪೇತ್ರರ ಚೌಕದಲ್ಲಿ ನಡೆಸಿದ ಪ್ರಾರ್ಥನೆಯನ್ನು ನಾವೆಲ್ಲ ಪರದೆಯ ಮೇಲೆಯೇ ಕಂಡೆವು. ಏಪ್ರಿಲ್ 12ರ ಈಸ್ಟರ್ ಕೂಡ ಹಾಗೆಯೇ ಕಳೆಯಿತು. ಪೂಜೆಯನ್ನು ಮನೆಯಲ್ಲಿ ಕುಳಿತು ನೋಡುವವರಿಗೆ ಅರ್ಧ ನಿಮಿಷ ತಡವಾದರೆ ಏನೂ ನಷ್ಟವಿಲ್ಲ.

ಆದರೆ ಆ ಎರಡು ವರ್ಷಗಳಲ್ಲಿ ತಂದೆ-ತಾಯಿಯ ಅಂತ್ಯಕ್ರಿಯೆಯನ್ನು ಗಲ್ಫಿನಿಂದಲೋ ಇನ್ನಾವುದೋ ಊರಿನಿಂದಲೋ ಪರದೆಯ ಮೇಲೆ ನೋಡಬೇಕಾಗಿ ಬಂದವರನ್ನು ನೆನೆಸಿಕೊಳ್ಳಿ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಪ್ರಸಾರ. 'ಮಣ್ಣು ಹಾಕಿ ಆಯಿತು' ಎಂದು ತಮ್ಮ ಫೋನಿನಲ್ಲಿ ಹೇಳುವಾಗ ಅಣ್ಣನ ಪರದೆಯಲ್ಲಿ ಪೆಟ್ಟಿಗೆ ಇನ್ನೂ ಇಳಿದಿರುವುದಿಲ್ಲ. ಅಂಥವರಿಗೆ ಆ ಅರ್ಧ ನಿಮಿಷ ಸಣ್ಣದಲ್ಲ. ತಾನು ಅಲ್ಲಿ ಇರಲಿಲ್ಲ ಎಂಬುದನ್ನು ಅದು ಮತ್ತೆ ನೆನಪಿಸುತ್ತದೆ. ಆದ್ದರಿಂದ ಪ್ರಸಾರದ ಹೊಣೆ ಹೊತ್ತವರು ಈ ವಿಷಯವನ್ನು ತಿಳಿದಿರಬೇಕು.

ದೂರದ ತಪ್ಪಲ್ಲ

'ಸೊರಟೂರ ದೂರ, ಅದಕ್ಕೇ ತಡ' ಎಂದು ಅಂದು ನಮ್ಮಲ್ಲಿ ಒಬ್ಬರು ಹೇಳಿದರು. ಲೆಕ್ಕ ಹಾಕಿ ನೋಡೋಣ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕರಾವಳಿಯಿಂದ ಹೊರಟ ಚಿತ್ರ ಬೆಂಗಳೂರು ಅಥವಾ ಮುಂಬಯಿ ಸುತ್ತಿ 2,000 ಕಿಲೋಮೀಟರ್ ಓಡಿ ಸೊರಟೂರಿಗೆ ಬಂದರೂ ಆ ಓಟಕ್ಕೆ ಬೇಕಾಗುವುದು ಸೆಕೆಂಡಿನ ನೂರನೇ ಒಂದು ಭಾಗ ಮಾತ್ರ. ನಡುವಿನ ಯಂತ್ರಗಳ ಸಮಯ ಸೇರಿಸಿದರೂ ಅದು ಸೆಕೆಂಡಿನ ಹತ್ತನೇ ಒಂದು ಭಾಗವನ್ನು ದಾಟುವುದು ಕಡಿಮೆ.

ಇನ್ನೂ ಒಂದು ಹಳೆಯ ಸಂಗತಿ ಇದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ನಾಸಾದ ಉಪಗ್ರಹ ಬಳಸಿ 'ಸೈಟ್' ಎಂಬ ದೂರದರ್ಶನ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಡಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಗದಗಿಗೆ ಹೊಂದಿಕೊಂಡ ಇಂದಿನ ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಸಂಕೇತ ಸುಮಾರು 36,000 ಕಿಲೋಮೀಟರ್ ಮೇಲಕ್ಕೆ ಹೋಗಿ ಅಷ್ಟೇ ದೂರ ಕೆಳಗೆ ಇಳಿಯಬೇಕಿತ್ತು. ಅದಕ್ಕೆ ಹಿಡಿದ ಸಮಯ ಕಾಲು ಸೆಕೆಂಡು! ಐವತ್ತು ವರ್ಷಗಳ ಹಿಂದೆ ಆಕಾಶ ಸುತ್ತಿ ಬಂದರೂ ಕಾಲು ಸೆಕೆಂಡು, ಇಂದು ನೆಲದ ಮೇಲೇ ಬಂದರೂ 38 ಸೆಕೆಂಡು. ಹಾಗಾದರೆ ತಡ ಎಲ್ಲಿದೆ?

ತಡ ದಾರಿಯಲ್ಲಿಲ್ಲ, ದಾರಿಯ ನಿಲ್ದಾಣಗಳಲ್ಲಿದೆ. ಐಪಿಎಲ್ ಪಂದ್ಯ ನಡೆಯುವಾಗ ಪಕ್ಕದ ಮನೆಯವರು 'ಔಟ್!' ಎಂದು ಕೂಗಿದ ಮೇಲೆ ನಮ್ಮ ಮೊಬೈಲಿನಲ್ಲಿ ಬೌಲರ್ ಓಡಲು ಶುರು ಮಾಡುವುದನ್ನು ನೀವೂ ಕಂಡಿರಬಹುದು. ಪಂದ್ಯ ಒಂದೇ, ಊರು ಒಂದೇ. ಅವರ ಟಿವಿಗೆ ಬಂದ ದಾರಿಯಲ್ಲಿ ನಿಲ್ದಾಣ ಕಡಿಮೆ, ನಮ್ಮ ಮೊಬೈಲಿನ ದಾರಿಯಲ್ಲಿ ಹೆಚ್ಚು.

ಚಿತ್ರ ಎಲ್ಲೆಲ್ಲಿ ಕಾಯುತ್ತದೆ?

ಮೊದಲ ನಿಲ್ದಾಣ ನಮ್ಮ ಮೇಜಿನ ಮೇಲೆಯೇ ಇದೆ. ಕ್ಯಾಮೆರಾ, ವಿಡಿಯೊ ಮಿಕ್ಸರ್, ಕಂಪ್ಯೂಟರಿಗೆ ಚಿತ್ರ ತರುವ ಕ್ಯಾಪ್ಚರ್ ಕಾರ್ಡ್ ಇವು ಒಂದೊಂದೂ ಕೆಲವು ಫ್ರೇಮುಗಳನ್ನು ಹಿಡಿದಿಟ್ಟು ಬಿಡುತ್ತವೆ. ಒಟ್ಟು ಸೇರಿದರೂ ಸಾಮಾನ್ಯವಾಗಿ ಅರ್ಧ ಸೆಕೆಂಡಿನೊಳಗೆ. ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಎರಡನೆಯದು ಎನ್‌ಕೋಡರ್. ಕ್ಯಾಮೆರಾದ ಚಿತ್ರ ಬಹಳ ಭಾರ. ಅದನ್ನು ಹಿಂಡಿ ಚಿಕ್ಕದು ಮಾಡದೆ ಕಳಿಸಲು ಆಗದು. ಹಿಂಡುವಾಗ ಎನ್‌ಕೋಡರ್ ಒಂದು ಪೂರ್ತಿ ಚಿತ್ರವನ್ನು ಕಳಿಸುತ್ತದೆ, ಅನಂತರ ಬದಲಾದ ಭಾಗಗಳನ್ನು ಮಾತ್ರ ಕಳಿಸುತ್ತದೆ. ಆ ಪೂರ್ತಿ ಚಿತ್ರಕ್ಕೆ 'ಕೀ ಫ್ರೇಮ್' ಎನ್ನುತ್ತಾರೆ. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಅಪ್‌ಲೋಡ್, ಅಂದರೆ ಸಭಾಭವನದಿಂದ ಹೊರಗೆ ಹೋಗುವ ಸಂಪರ್ಕ. ಸಾಮಾನ್ಯವಾಗಿ ಬಳಸುವ ಆರ್‌ಟಿಎಂಪಿ ವಿಧಾನದಲ್ಲಿ ಒಂದು ಪೊಟ್ಟಣ ದಾರಿಯಲ್ಲಿ ಕಳೆದುಹೋದರೆ ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ಸಾಲಿನಲ್ಲಿ ನಿಲ್ಲುತ್ತವೆ. ಕಳಿಸುವ ಭಾರ ಸಂಪರ್ಕದ ಶಕ್ತಿಗಿಂತ ಹೆಚ್ಚಾದರೆ ಆ ಸಾಲು ಬೆಳೆಯುತ್ತಲೇ ಹೋಗುತ್ತದೆ.

ನಾಲ್ಕನೆಯದೇ ದೊಡ್ಡ ನಿಲ್ದಾಣ. ಪ್ರಸಾರ ಸಂಸ್ಥೆಯ ಸರ್ವರ್ ನಮ್ಮ ಚಿತ್ರವನ್ನು ಬೇರೆ ಬೇರೆ ಗಾತ್ರಗಳಲ್ಲಿ ಮತ್ತೆ ಹಿಂಡಿ, ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತದೆ. ಆಪಲ್ ಸಂಸ್ಥೆ 2009ರಲ್ಲಿ ತಂದ ಎಚ್‌ಎಲ್‌ಎಸ್ ಎಂಬ ಈ ವಿಧಾನ ಇಂದು ಬಹಳ ಕಡೆ ಬಳಕೆಯಲ್ಲಿದೆ. ಮೊದಲು ಆಪಲ್ ಸೂಚಿಸಿದ್ದ ತುಣುಕಿನ ಉದ್ದ 10 ಸೆಕೆಂಡು, 2016ರಿಂದ 6 ಸೆಕೆಂಡು. ತುಣುಕು ಪೂರ್ತಿಯಾಗದೆ ಮುಂದೆ ಹೋಗದು. ನೋಡುವ ಮೊಬೈಲ್ ಅಥವಾ ಟಿವಿ ಮೂರು ತುಣುಕುಗಳಷ್ಟು ಹಿಂದೆ ನಿಂತು ಆರಂಭಿಸಬೇಕೆಂಬುದು ವಿಧಾನದ ನಿಯಮ. ಮೂರು ಆರಲಿ ಹದಿನೆಂಟು. ಯಾವ ದೋಷವೂ ಇಲ್ಲದೆ, ಎಲ್ಲವೂ ಸರಿಯಾಗಿದ್ದಾಗಲೇ 18 ಸೆಕೆಂಡು ತಡ! ಬಸ್ಸು ತುಂಬಿದ ಮೇಲೆಯೇ ಹೊರಡುವ ಸರ್ವಿಸಿನಂತೆ ಇದು. ಜನ ಹೆಚ್ಚು ಸಾಗಿಸಬಹುದು, ಆದರೆ ಮೊದಲು ಹತ್ತಿದವನು ಕಾಯಬೇಕು.

ತುಣುಕನ್ನು ಕೀ ಫ್ರೇಮ್ ಇರುವಲ್ಲಿ ಮಾತ್ರ ಕತ್ತರಿಸಲು ಸಾಧ್ಯ. ಎನ್‌ಕೋಡರ್ 8 ಸೆಕೆಂಡಿಗೊಮ್ಮೆ ಕೀ ಫ್ರೇಮ್ ಕಳಿಸಿದರೆ ತುಣುಕು 8 ಸೆಕೆಂಡಿಗಿಂತ ಚಿಕ್ಕದಾಗಲು ಆಗುವುದಿಲ್ಲ.

ಐದನೆಯದು ನೋಡುವವರ ಉಪಕರಣ. ನೆಟ್‌ವರ್ಕ್ ಏರುಪೇರಾದರೂ ಚಿತ್ರ ನಿಲ್ಲದಿರಲಿ ಎಂದು ಅದು ಸ್ವಲ್ಪ ದಾಸ್ತಾನು ಇಟ್ಟುಕೊಳ್ಳುತ್ತದೆ. ದಾಸ್ತಾನು ಮುಗಿದಾಗ ಪರದೆಯಲ್ಲಿ ಚಕ್ರ ತಿರುಗುತ್ತದೆ. ಹಾಗೆ ನಿಂತು ಮತ್ತೆ ಶುರುವಾದಾಗ ಅನೇಕ ಟಿವಿಗಳು ನಿಂತಲ್ಲಿಂದಲೇ ಮುಂದುವರಿಯುತ್ತವೆ. 5 ಸೆಕೆಂಡಿನಂತೆ ಮೂರು ಸಲ ನಿಂತರೆ 15 ಸೆಕೆಂಡು ಹಿಂದೆ ಬಿದ್ದಂತಾಯಿತು.

ಮೊದಲು ಅಳೆಯಿರಿ

ಪ್ರಸಾರ ತಡವಾಗುತ್ತಿದೆ ಎಂದು ದೂರು ಬಂದ ತಕ್ಷಣ ನಾವೆಲ್ಲ ಮಾಡುವುದು ಒಂದೇ: ರೂಟರ್ ಆಫ್ ಮಾಡಿ ಆನ್ ಮಾಡುವುದು. ಕಾರಣ ತಿಳಿಯದೆ ಮಾಡುವ ಈ ಚಿಕಿತ್ಸೆಯಿಂದ ನಡೆಯುತ್ತಿದ್ದ ಪ್ರಸಾರವೂ ಕಡಿದುಹೋಗುತ್ತದೆ. ಮೊದಲು ಅಳೆಯಬೇಕು. ಇದಕ್ಕೆ ಖರ್ಚಿಲ್ಲ.

ಒಂದು ಮೊಬೈಲಿನಲ್ಲಿ ಸೆಕೆಂಡಿನ ಅಂಕೆ ಕಾಣುವ ಗಡಿಯಾರ ತೆರೆದು ಕ್ಯಾಮೆರಾದ ಎದುರು ಹಿಡಿಯಿರಿ. ನೋಡುವ ಊರಿನಲ್ಲಿರುವವರು ತಮ್ಮ ಟಿವಿಯ ಪಕ್ಕದಲ್ಲಿ ಅಂಥದೇ ಗಡಿಯಾರವನ್ನು ಹಿಡಿದು, ಎರಡೂ ಒಟ್ಟಿಗೆ ಕಾಣುವಂತೆ ಮತ್ತೊಂದು ಮೊಬೈಲಿನಿಂದ ಫೋಟೊ ತೆಗೆಯಲಿ. ಎರಡು ಗಡಿಯಾರಗಳ ಅಂಕೆಗಳ ವ್ಯತ್ಯಾಸವೇ ತಡ. ಎರಡೂ ಮೊಬೈಲಿನಲ್ಲಿ ಸಮಯವನ್ನು ನೆಟ್‌ವರ್ಕಿನಿಂದ ತಾನೇ ಪಡೆಯುವ ಆಯ್ಕೆ ಆನ್ ಇರಬೇಕು. ಆರಂಭದಲ್ಲಿ ಒಂದು, ಕಾಲು ಗಂಟೆಯ ಅನಂತರ ಒಂದು, ಅರ್ಧ ಗಂಟೆಯ ಅನಂತರ ಒಂದು, ಹೀಗೆ ಮೂರು ಫೋಟೊ ಬೇಕು. ಮೂರರಲ್ಲೂ ತಡ ಒಂದೇ ಇದ್ದರೆ ಅದು ವಿಧಾನದಲ್ಲೇ ಇರುವ ತಡ. ಹೋಗುತ್ತಾ ಹೋಗುತ್ತಾ ಬೆಳೆದರೆ ಎಲ್ಲೋ ಸಾಲು ಕಟ್ಟುತ್ತಿದೆ ಎಂದರ್ಥ. ಈ ಎರಡು ಕಾಯಿಲೆಗಳಿಗೆ ಮದ್ದು ಬೇರೆ ಬೇರೆ.

ಅದೇ ಹೊತ್ತಿಗೆ ಸಭಾಭವನದಲ್ಲಿಯೇ ಒಬ್ಬರು ತಮ್ಮ ಮೊಬೈಲ್ ಡೇಟಾದಲ್ಲಿ ಪ್ರಸಾರವನ್ನು ನೋಡಿ ಅದೇ ರೀತಿ ಅಳೆಯಲಿ. ಇಲ್ಲಿಯೂ ಅಲ್ಲಿಯೂ ತಡ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಕಾರಣ ನಮ್ಮ ಕಡೆ ಅಥವಾ ಸರ್ವರ್ ಕಡೆ. ಅಲ್ಲಿ ಮಾತ್ರ ಹೆಚ್ಚಿದ್ದರೆ ಆ ಹೆಚ್ಚಿನ ಭಾಗ ನೋಡುವವರ ಕಡೆಯದು.

ಮದುವೆ ಮುಗಿದ ಮೇಲೆ ಒಂದು ಭಾನುವಾರ ಅದೇ ಸಭಾಭವನದಲ್ಲಿ ಅದೇ ಸಲಕರಣೆ ಹಿಡಿದು ನಾವು ಈ ಪರೀಕ್ಷೆ ಮಾಡಿದೆವು. ಸೊರಟೂರಿನಲ್ಲಿ ವರನ ಕಾಕಾ ಟಿವಿ ಎದುರು ಕುಳಿತು ಫೋಟೊ ತೆಗೆದು ಕಳಿಸಿದರು. ಸಭಾಭವನದ ಮೊಬೈಲಿನಲ್ಲಿ 24 ಸೆಕೆಂಡು ತಡ. ಸೊರಟೂರಿನ ಟಿವಿಯಲ್ಲಿ ಆರಂಭದಲ್ಲಿ 26, ಅರ್ಧ ಗಂಟೆಯ ಅನಂತರ 38. ಅಂದರೆ ಸೊರಟೂರಿನ ಕಡೆಯ ಪಾಲು 14 ಸೆಕೆಂಡು, ಉಳಿದ 24 ನಾವೇ ಇಲ್ಲಿಂದ ಕಟ್ಟಿ ಕಳಿಸಿದ ಬುತ್ತಿ.

ನಮ್ಮ ಕಡೆಯ ದೋಷ ಹುಡುಕುವುದು

ಉಚಿತವಾಗಿ ಸಿಗುವ ಓಬಿಎಸ್ ಸ್ಟುಡಿಯೊ ತಂತ್ರಾಂಶವನ್ನು ಬಳಸುವವರು ಅದರ 'ಸ್ಟ್ಯಾಟ್ಸ್' ಕಿಟಕಿಯನ್ನು ತೆರೆದಿಡಿ. ಅಲ್ಲಿ ಮೂರು ಬೇರೆ ಬೇರೆ ಲೆಕ್ಕಗಳು ಇರುತ್ತವೆ. ರೆಂಡರಿಂಗ್‌ನಲ್ಲಿ ಫ್ರೇಮ್ ತಪ್ಪುತ್ತಿದ್ದರೆ ಕಂಪ್ಯೂಟರಿನ ಗ್ರಾಫಿಕ್ಸ್‌ಗೆ ಹೊರೆ ಹೆಚ್ಚಾಗಿದೆ. ಎನ್‌ಕೋಡಿಂಗ್‌ನಲ್ಲಿ ತಪ್ಪುತ್ತಿದ್ದರೆ ಹಿಂಡುವ ಕೆಲಸಕ್ಕೆ ಪ್ರೊಸೆಸರ್ ಸಾಲುತ್ತಿಲ್ಲ. ನೆಟ್‌ವರ್ಕಿನಿಂದ ಫ್ರೇಮ್ ಬೀಳುತ್ತಿದ್ದರೆ ಮಾತ್ರ ಸಂಪರ್ಕದ ದೋಷ. ಮೊದಲೆರಡು ಸಂದರ್ಭಗಳಲ್ಲಿ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಜಗಳವಾಡುವುದರಿಂದ ಪ್ರಯೋಜನವಿಲ್ಲ.

ಮೂರನೆಯ ಲೆಕ್ಕ ಏರುತ್ತಿದ್ದರೆ ಪಿಂಗ್ ಪರೀಕ್ಷೆ ಮಾಡಿ. ಮೊದಲು ರೂಟರಿಗೆ ಪಿಂಗ್ ಮಾಡಿ. ಕೇಬಲ್ ಹಾಕಿದ್ದರೆ ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬರಬೇಕು. ವೈಫೈಯಲ್ಲಿ ಅದು ಒಮ್ಮೆ 3, ಒಮ್ಮೆ 200 ಎಂದು ಹಾರಾಡುತ್ತಿದ್ದರೆ ದೋಷ ಸಭಾಭವನದ ಒಳಗೇ ಇದೆ. ಅನಂತರ ಹೊರಗಿನ ಒಂದು ವಿಳಾಸಕ್ಕೆ, ಪ್ರಸಾರ ನಿಲ್ಲಿಸಿ ಒಮ್ಮೆ, ಪ್ರಸಾರ ನಡೆಯುವಾಗ ಒಮ್ಮೆ ಪಿಂಗ್ ಮಾಡಿ. ಸುಮ್ಮನಿದ್ದಾಗ 30 ಮಿಲಿಸೆಕೆಂಡು, ಪ್ರಸಾರ ನಡೆಯುವಾಗ 600 ಎಂದಾದರೆ ಅಪ್‌ಲೋಡ್ ತುಂಬಿ ತುಳುಕುತ್ತಿದೆ, ರೂಟರಿನಲ್ಲಿ ಸಾಲು ಕಟ್ಟಿದೆ ಎಂದು ತಿಳಿಯಬೇಕು.

ಕರಾವಳಿಯ ಕಾರ್ಯಕ್ರಮಗಳಲ್ಲಿ ಇನ್ನೂ ಎರಡು ವಿಷಯ ಗಮನಿಸಬೇಕು. ಹಿಂದಿನ ದಿನ ಖಾಲಿ ಸಭಾಭವನದಲ್ಲಿ ಮೊಬೈಲ್ ಡೇಟಾದ ವೇಗ ಚೆನ್ನಾಗಿಯೇ ಇರುತ್ತದೆ. ಮರುದಿನ ಐನೂರು ಜನ ಐನೂರು ಮೊಬೈಲ್ ಹಿಡಿದು ಬಂದು ಫೋಟೊ ಕಳಿಸತೊಡಗಿದಾಗ ಅದೇ ಟವರ್ ಏದುಸಿರು ಬಿಡುತ್ತದೆ. ಆದ್ದರಿಂದ ಡಾಂಗಲ್ ನಂಬಿ ಕೂರಬೇಡಿ, ಫೈಬರ್ ಸಂಪರ್ಕ ಇದ್ದರೆ ಅದನ್ನೇ ಬಳಸಿ. ಎರಡನೆಯದು, ಮಳೆಗಾಲದಲ್ಲಿ ಕರೆಂಟು ಒಂದು ಕ್ಷಣ ಹೋಗಿ ಬಂದರೂ ರೂಟರ್ ಮತ್ತೆ ಎದ್ದು ನಿಲ್ಲಲು ಒಂದೆರಡು ನಿಮಿಷ ಬೇಕು. ಕಂಪ್ಯೂಟರಿಗೆ ಯುಪಿಎಸ್ ಇಟ್ಟು ರೂಟರಿಗೆ ಇಡದವರು ನಮ್ಮಲ್ಲಿ ಬಹಳ ಮಂದಿ. ನಾವೂ ಅವರಲ್ಲಿ ಒಬ್ಬರಾಗಿದ್ದೆವು.

ಮದ್ದು

ಕೇಬಲ್: ಪ್ರಸಾರದ ಕಂಪ್ಯೂಟರಿಗೆ ವೈಫೈ ಬೇಡ. ರೂಟರಿನಿಂದ ನೆಟ್‌ವರ್ಕ್ ಕೇಬಲ್ ಎಳೆಯಿರಿ. 100 ಮೀಟರಿನವರೆಗೆ ತೊಂದರೆಯಿಲ್ಲ.

ಬಿಟ್‌ರೇಟ್: ಅಪ್‌ಲೋಡ್ ವೇಗವನ್ನು ಕಾರ್ಯಕ್ರಮ ನಡೆಯುವ ಹೊತ್ತಿನಲ್ಲಿಯೇ ಅಳೆದು ಅದರ ಅರ್ಧದಷ್ಟನ್ನು ಮಾತ್ರ ಬಳಸಿ. 5 ಎಂಬಿಪಿಎಸ್ ಸಿಕ್ಕರೆ 2.5 ಸಾಕು. ಅದರಲ್ಲಿ 720ಪಿ ಚಿತ್ರ ಮದುವೆಗೂ ಸಭೆಗೂ ಚೆನ್ನಾಗಿಯೇ ಕಾಣುತ್ತದೆ. 2.5 ಎಂಬಿಪಿಎಸ್ ಎಂದರೆ ಗಂಟೆಗೆ ಸುಮಾರು 1.1 ಜಿಬಿ. ಮೊಬೈಲ್ ಡೇಟಾದಲ್ಲಿ ನೋಡುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಮಿತ ಡೇಟಾ ಇರುವ ಬಂಧುಗಳಿಗೆ ಗುಣಮಟ್ಟವನ್ನು 480ಪಿಗೆ ಇಳಿಸಿಕೊಳ್ಳಲು ಮೊದಲೇ ತಿಳಿಸಿ.

ಕೀ ಫ್ರೇಮ್: ಇದನ್ನು 2 ಸೆಕೆಂಡಿಗೆ ಇಡಿ. ನಾವು ಇದನ್ನು ತಂತ್ರಾಂಶದ ಇಚ್ಛೆಗೆ ಬಿಟ್ಟಿದ್ದೆವು. ಅದು 250 ಫ್ರೇಮಿಗೊಮ್ಮೆ, ಅಂದರೆ 8 ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಕೀ ಫ್ರೇಮ್ ಕಳಿಸುತ್ತಿತ್ತು. ನಮ್ಮ 24 ಸೆಕೆಂಡಿನ ಮುಖ್ಯ ಕಾರಣ ಇದೇ. ಮೂರು ಎಂಟಲಿ ಇಪ್ಪತ್ನಾಲ್ಕು!

ಪ್ರಸಾರ ತಾಣದ ಆಯ್ಕೆ: ಯೂಟ್ಯೂಬಿನಂಥ ತಾಣಗಳಲ್ಲಿ ಸಾಮಾನ್ಯ, ಕಡಿಮೆ, ಅತಿ ಕಡಿಮೆ ಎಂದು ತಡದ ಮೂರು ಆಯ್ಕೆಗಳಿರುತ್ತವೆ. 'ಕಡಿಮೆ' ಆಯ್ಕೆಯಲ್ಲಿ ಹೆಚ್ಚಿನವರಿಗೆ 10 ಸೆಕೆಂಡಿನೊಳಗೆ, 'ಅತಿ ಕಡಿಮೆ'ಯಲ್ಲಿ 5 ಸೆಕೆಂಡಿನೊಳಗೆ ತಲುಪುತ್ತದೆ ಎಂದು ಯೂಟ್ಯೂಬ್ ಹೇಳುತ್ತದೆ. ಆದರೆ ತಡ ಕಡಿಮೆಯಾದಷ್ಟೂ ದಾಸ್ತಾನು ಕಡಿಮೆ, ಚಕ್ರ ತಿರುಗುವ ಸಂಭವ ಹೆಚ್ಚು. ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ನೋಡುವವರು ಬಹಳ ಮಂದಿ ಇದ್ದರೆ ನಡುವಿನ ಆಯ್ಕೆಯೇ ಒಳ್ಳೆಯದು.

ನೋಡುವವರಿಗೆ: ಹಿಂದೆ ಬಿದ್ದ ಟಿವಿಯನ್ನು ಮುಂದೆ ತರಲು ಪರದೆಯ ಮೇಲಿರುವ 'ಲೈವ್' ಗುರುತನ್ನು ಒತ್ತಿದರೆ ಸಾಕು. ಅದು ಇಲ್ಲದಿದ್ದರೆ ಒಮ್ಮೆ ಮುಚ್ಚಿ ತೆರೆಯಬೇಕು. ಈ ಒಂದು ಮಾತನ್ನು ಲಿಂಕಿನ ಜತೆಗೇ ಬರೆದು ಕಳಿಸಿದ್ದರೆ ಸೊರಟೂರಿನ 14 ಸೆಕೆಂಡಿನಲ್ಲಿ ಬಹುಪಾಲು ಅಂದೇ ಉಳಿಯುತ್ತಿತ್ತು.

ಸಲಕರಣೆ ಬಲ್ಲವರಿಗೆ ಇನ್ನೂ ದಾರಿಗಳಿವೆ. 2017ರಲ್ಲಿ ಎಲ್ಲರ ಬಳಕೆಗೆ ಮುಕ್ತವಾದ ಎಸ್‌ಆರ್‌ಟಿ ವಿಧಾನದಲ್ಲಿ ಕಳೆದ ಪೊಟ್ಟಣಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂದು ನಾವೇ ನಿಗದಿ ಮಾಡಬಹುದು. 2019ರಲ್ಲಿ ಆಪಲ್ ಪ್ರಕಟಿಸಿದ ಕಡಿಮೆ ತಡದ ಎಚ್‌ಎಲ್‌ಎಸ್ ವಿಧಾನದಲ್ಲಿ ತುಣುಕು ಪೂರ್ತಿಯಾಗುವ ಮೊದಲೇ ಅದರ ಚೂರುಗಳನ್ನು ಕಳಿಸಲಾಗುತ್ತದೆ.

ಇಷ್ಟು ಬದಲಾವಣೆ ಮಾಡಿ ಮತ್ತೆ ಅಳೆದಾಗ ಸಭಾಭವನದಲ್ಲಿ 9 ಸೆಕೆಂಡು, ಸೊರಟೂರಿನಲ್ಲಿ 11 ಸೆಕೆಂಡು ಬಂತು. ಹೊಸ ಸಲಕರಣೆಗೆ ಖರ್ಚಾದದ್ದು ಒಂದು ಉದ್ದದ ಕೇಬಲಿಗೆ ಮಾತ್ರ.

ಮಾತಿಗೆ ಬೇರೆ ದಾರಿ

11 ಸೆಕೆಂಡು ನೋಡಲು ಸಾಕು, ಮಾತಾಡಲು ಸಾಲದು. ಫೋನಿನ ಮಾತುಕತೆ ಸಹಜವಾಗಿರಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನೊಳಗೆ ಇರಬೇಕು, 400 ದಾಟಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ತುಣುಕು ಕತ್ತರಿಸಿ ಕಳಿಸುವ ಪ್ರಸಾರ ಎಷ್ಟೇ ತಿದ್ದಿದರೂ ಆ ಮಟ್ಟಕ್ಕೆ ಬಾರದು. ಅದು ದೋಷವಲ್ಲ, ಸಾವಿರಾರು ಮಂದಿಗೆ ಏಕಕಾಲದಲ್ಲಿ ತಲುಪಿಸಲು ತೆರುವ ಬೆಲೆ. ವಿಡಿಯೊ ಕಾಲ್ ಬೇರೆ ವಿಧಾನದಲ್ಲಿ ಸಾಗುತ್ತದೆ. ಅದು ತುಣುಕಿಗಾಗಿ ಕಾಯದು, ಬಿದ್ದುಹೋದ ಫ್ರೇಮನ್ನು ಬಿಟ್ಟು ಮುಂದೆ ಹೋಗುತ್ತದೆ. ಚಿತ್ರ ಸ್ವಲ್ಪ ಒಡೆಯಬಹುದು, ಮಾತು ಮಾತ್ರ ಅರೆ ಸೆಕೆಂಡಿನೊಳಗೆ ತಲುಪುತ್ತದೆ.

ಆದ್ದರಿಂದ ದೂರದ ಊರಿನಿಂದ ಯಾರಾದರೂ ಮಾತಾಡುವುದಿದ್ದರೆ ಅವರನ್ನು ವಿಡಿಯೊ ಕಾಲಿನಲ್ಲಿ ಕರೆದುಕೊಂಡು, ಆ ಚಿತ್ರ ಮತ್ತು ದನಿಯನ್ನು ಪ್ರಸಾರದೊಳಗೆ ಸೇರಿಸಬೇಕು. ಅವರ ಮನೆಯ ಟಿವಿಯ ದನಿಯನ್ನು ಪೂರ್ತಿ ಬಂದ್ ಮಾಡಿಸಬೇಕು. ಅವರಿಗೆ ಕಳಿಸುವ ದನಿಯಲ್ಲಿ ಸಭೆಯ ಎಲ್ಲ ದನಿ ಇರಲಿ, ಅವರದೇ ದನಿ ಇರಬಾರದು. ಇದ್ದರೆ ತಮ್ಮ ಮಾತು ತಮಗೇ ತಿರುಗಿ ಕೇಳಿಸಿ ಗಲಿಬಿಲಿಯಾಗುತ್ತದೆ. ಮಿಕ್ಸರಿನಲ್ಲಿ ಒಂದು ಆಕ್ಸ್ ಬೇರೆ ಮಾಡಿದರೆ ಇದು ಸಾಧ್ಯ. ಮೈಕ್ ಸೆಟ್ಟಿನವರಿಗೆ ಮೊದಲೇ ಹೇಳಿ.

ತಡ ಬೇಕಾಗುವುದೂ ಉಂಟು

ಎಲ್ಲ ತಡವೂ ಕೆಟ್ಟದ್ದಲ್ಲ. ಕರ್ನಾಟಕ ಹೈಕೋರ್ಟ್ 2021ರ ಮೇ 31ರಂದು ಪ್ರಾಯೋಗಿಕವಾಗಿ ಕಲಾಪದ ನೇರ ಪ್ರಸಾರ ಆರಂಭಿಸಿತು, 2022ರ ಜನವರಿ 1ರಿಂದ ಅದಕ್ಕೆ ನಿಯಮಗಳು ಜಾರಿಯಾದವು. ಸುಪ್ರೀಂ ಕೋರ್ಟಿನ ಇ-ಸಮಿತಿ 2021ರ ಜೂನ್‌ನಲ್ಲಿ ಹೊರಡಿಸಿದ ಮಾದರಿ ನಿಯಮಗಳ ಕರಡಿನಲ್ಲಿ ಕಲಾಪವನ್ನು ಹತ್ತು ನಿಮಿಷ ತಡವಾಗಿ ಪ್ರಸಾರ ಮಾಡಬೇಕೆಂದು ಹೇಳಲಾಗಿತ್ತು. ಹೊರಗೆ ಹೋಗಬಾರದ ಹೆಸರು ಅಥವಾ ದೃಶ್ಯ ಬಂದರೆ ತಡೆಯಲು ಸಮಯ ಸಿಗಲಿ ಎಂಬುದು ಇಂಥ ತಡದ ಉದ್ದೇಶ. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ಇದೇ ಹೈಕೋರ್ಟಿನ ವಿಡಿಯೊ ಕಾನ್ಫರೆನ್ಸ್‌ಗೆ ನುಗ್ಗಿ ಅಸಭ್ಯ ದೃಶ್ಯ ತೋರಿಸಿದಾಗ ಆ ಸೌಲಭ್ಯ ಮತ್ತು ನೇರ ಪ್ರಸಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಂತ್ಯಕ್ರಿಯೆಯ ಮನೆಯಲ್ಲಿ, ಮಕ್ಕಳ ಕಾರ್ಯಕ್ರಮದಲ್ಲಿ ನಾವೂ ಇದನ್ನು ಯೋಚಿಸಬೇಕು. ದುಃಖದಲ್ಲಿರುವವರ ಮುಖವನ್ನು ತಪ್ಪಿ ತೋರಿಸಿದರೆ ಹಿಂದಕ್ಕೆ ತೆಗೆಯಲು ಕೆಲವು ಸೆಕೆಂಡು ಇರುವುದು ಒಳ್ಳೆಯದೇ. ತಡ ಎಷ್ಟಿರಬೇಕು ಎಂಬುದನ್ನು ಮನೆಯವರ ಜತೆ ಕುಳಿತು ಮೊದಲೇ ತೀರ್ಮಾನಿಸಿ.

ಪ್ರಸಾರದ ಮುನ್ನ ನೆನಪಿಡಿ

1. ಯಾರು ನೋಡುತ್ತಾರೆ, ಯಾರು ಮಾತಾಡುತ್ತಾರೆ ಎಂದು ಮೊದಲೇ ಕೇಳಿ. ಮಾತಾಡುವವರಿಗೆ ವಿಡಿಯೊ ಕಾಲ್, ನೋಡುವವರಿಗೆ ಪ್ರಸಾರ.
2. ಹಿಂದಿನ ದಿನವೇ ನೋಡುವ ಊರಿನೊಂದಿಗೆ ಗಡಿಯಾರದ ಪರೀಕ್ಷೆ ಮಾಡಿ.
3. ಕಂಪ್ಯೂಟರಿಗೆ ಕೇಬಲ್, ರೂಟರಿಗೆ ಯುಪಿಎಸ್.
4. ಬಿಟ್‌ರೇಟ್ ಅಪ್‌ಲೋಡಿನ ಅರ್ಧ, ಕೀ ಫ್ರೇಮ್ 2 ಸೆಕೆಂಡು.
5. ತಡ ಕಂಡರೆ ಮೊದಲು ಅಳೆಯಿರಿ, ಒಂದೊಂದನ್ನೇ ಬದಲಾಯಿಸಿ, ಮತ್ತೆ ಅಳೆಯಿರಿ. ಒಟ್ಟಿಗೆ ಎಲ್ಲ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯದು.
6. ಪ್ರಸಾರ ಎಷ್ಟು ಸೆಕೆಂಡು ತಡ ಎಂದು ನಿರೂಪಕರಿಗೆ ಚೀಟಿಯಲ್ಲಿ ಬರೆದು ಕೊಡಿ.

ಈ ಆರನೆಯದನ್ನು ನಾವು ಸೇರಿಸಿಕೊಂಡದ್ದು ಇತ್ತೀಚೆಗೆ. ಅದೇ ಮನೆಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮದ ಪ್ರಸಾರವೂ ನಮಗೇ ಬಂತು. ಸೊರಟೂರಿನ ಮನೆಯಲ್ಲಿ ಟಿವಿಯ ದನಿ ಬಂದ್ ಇತ್ತು, ಅಜ್ಜಿಯ ಎದುರು ಕಾಕಾ ಮೊಬೈಲ್ ಹಿಡಿದು ಕುಳಿತಿದ್ದರು. ತೊಟ್ಟಿಲು ತೂಗಿದ ಕೂಡಲೇ ನಿರೂಪಕರು ಕರೆದರು. ಅಜ್ಜಿ ಈ ಸಲ ಕಾಯಲಿಲ್ಲ. ಮರಿಮೊಮ್ಮಗಳ ಹೆಸರು ಹಿಡಿದು ಕರೆದು, ಮದುವೆಯ ದಿನ ಉಳಿದುಹೋದ ಮಾತನ್ನೂ ಸೇರಿಸಿ ಮೂವರನ್ನೂ ಹರಸಿದರು.

ನಿಮ್ಮ ಊರಿನ ಪ್ರಸಾರದಲ್ಲಿ ಎಷ್ಟು ಸೆಕೆಂಡು ತಡ ಎಂಬುದನ್ನು ಮುಂದಿನ ಕಾರ್ಯಕ್ರಮದ ಮೊದಲು ಒಮ್ಮೆ ಅಳೆದು ನೋಡಿ. ಎರಡು ಮೊಬೈಲ್ ಮತ್ತು ದೂರದ ಊರಿನಲ್ಲಿ ಒಬ್ಬ ಬಂಧು ಇದ್ದರೆ ಸಾಕು.